ಎರಡು ಪಾಳಿಯ ಹಾಸಿಗೆ

ಮುಂಬಯಿಯಲ್ಲಿ ಮನುಷ್ಯರಿಗಿಂತ ಹೆಚ್ಚು ದುಡಿಯುವುದು ಹಾಸಿಗೆ. ನಮಗೆ ಒಂದು ಪಾಳಿಯಾದರೆ ಅದಕ್ಕೆ ಎರಡು. ಆಂಟಾಪ್ ಹಿಲ್‌ನ ನಮ್ಮ ಖೋಲಿಯಲ್ಲಿ ಇರುವುದೊಂದೇ ಹಾಸಿಗೆ. ಅದರ ಮೇಲೆ ರಾತ್ರಿ ನಾನು ಮಲಗುತ್ತೇನೆ, ಹಗಲು ನಮ್ಮ ಕಡೆಯವನೇ ಆದ ಮೌಲಾಲಿ ಮಲಗುತ್ತಾನೆ. ಅವನು ರಾತ್ರಿಯೆಲ್ಲ ಬೇಕರಿಯಲ್ಲಿ ಪಾವ್ ಸುಡುತ್ತಾನೆ. ನಾನು ಹಗಲೆಲ್ಲ ಮಾಟುಂಗಾದ ಹೋಟೆಲಿನಲ್ಲಿ ಅಂಥ ಪಾವನ್ನೇ ಗಿರಾಕಿಗಳ ಮುಂದೆ ಇಡುತ್ತೇನೆ. ನಾನು ಕೀಲಿಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋದ ಮೇಲೆ ಅವನು ಬರುತ್ತಾನೆ, ನಾನು ಬರುವಷ್ಟರಲ್ಲಿ ಹೋಗಿರುತ್ತಾನೆ. ಇನ್ನು ರಜೆ ಎಂಬ ಪದಾರ್ಥ ನಮ್ಮ ಹೋಟೆಲಿನ ಮೆನುವಿನಲ್ಲೇ ಇಲ್ಲ. ಹೀಗಾಗಿ ತಿಂಗಳುಗಟ್ಟಲೆ ಒಂದೇ ಕೌದಿ ಹೊದ್ದರೂ ನಾನು ಅವನ ಮುಖ ನೋಡಿರಲಿಲ್ಲ. ಕೌದಿಗೆ ಅಂಟಿದ ಮೈದಾಹಿಟ್ಟಿನಿಂದಲೇ ಪರಿಚಯ.

ಆದರೆ ಅವ್ವನ ಮುಂದೆ ಹಾಗೆ ಹೇಳಲಾದೀತೆ? ನಮ್ಮ ಕಡೆಯವರೊಬ್ಬರು ಜೊತೆಗಿದ್ದರೆ ಮಾತ್ರ ಮುಂಬಯಿ, ಇಲ್ಲದಿದ್ದರೆ ವಾಪಸ್ ಮುದ್ದೇಬಿಹಾಳ ಎಂಬುದು ಅವಳ ಕರಾರು. ನಾನು ಬಾಯಿ ಬಿಟ್ಟರೆ ಪುರಿಗಿಂತ ಜೋರಾಗಿ ಉಬ್ಬುವವನು. ಮೌಲಾಲಿ ಆರಡಿ ಎತ್ತರದ ಪೈಲ್ವಾನ, ನಮ್ಮದು ಒಂದೇ ತಾಟಿನ ಊಟ, ಭಾನುವಾರ ತಪ್ಪದೆ ಇಬ್ಬರೂ ಸಮುದ್ರ ನೋಡಲು ಹೋಗುತ್ತೇವೆ ಎಂದೆಲ್ಲ ಹೇಳಿದ್ದೆ. ನಾನು ಸಮುದ್ರ ನೋಡಿದ್ದು ಒಮ್ಮೆ, ಬಸ್ಸಿನ ಕಿಟಕಿಯಿಂದ, ಅದೂ ಮುಂದಿನವನ ಕಂಕುಳ ಸಂದಿಯಲ್ಲಿ. ಅವ್ವ ಅವನ ಕೈಗೆ ಫೋನ್ ಕೊಡು ಎಂದಾಗಲೆಲ್ಲ ಜಳಕಕ್ಕೆ ಹೋಗಿದ್ದಾನೆ ಎನ್ನುತ್ತಿದ್ದೆ. ಕೊನೆಗೊಂದು ದಿನ ಅವಳು ಕೇಳಿದಳು, "ಅಂವ ಮನಷ್ಯಾ ಅದಾನೋ, ಮೀನ ಅದಾನೋ?" ಶನಿವಾರದೊಳಗೆ ಅವನು ಮಾತಾಡದಿದ್ದರೆ ಸೋದರಮಾವನನ್ನು ಕಳಿಸಿ ಕರೆಸಿಕೊಳ್ಳುತ್ತೇನೆ ಎಂದಳು. ಬರುವಾಗ ಇಡೀ ಓಣಿಗೆ ಕೇಳುವಂತೆ, ಇನ್ನು ಬಂದರೆ ಕಾರಿನಲ್ಲೇ ಬರುತ್ತೇನೆ ಎಂದು ಸಾರಿ ಬಂದವನು ನಾನು. ಮಾವನ ಹಿಂದೆ ಕೆಂಪು ಬಸ್ಸಿನಿಂದ ಹೇಗೆ ಇಳಿಯಲಿ?

ಶುಕ್ರವಾರ ನಮ್ಮ ಹೋಟೆಲಿನ ಮುಂದೆ ನೀರಿನ ಪೈಪು ಒಡೆಯಿತು. ಸೇಠ್ ಬಾಗಿಲು ಎಳೆದು ನಮ್ಮನ್ನು ಮನೆಗೆ ಅಟ್ಟಿದರು. ನಾನು ಓಡಿ ಬಂದು ನೋಡಿದರೆ ನನ್ನ ಪೈಲ್ವಾನ ಹಾಸಿಗೆಯ ಮೇಲೆ ಕೂತಿದ್ದ. ಅಗರಬತ್ತಿಗೆ ಅಂಗಿ ತೊಡಿಸಿದ ಹಾಗಿದ್ದ. ಹುಬ್ಬಿನ ಮೇಲೆಲ್ಲ ಹಿಟ್ಟು. ನಾನು ಸಂಕಟ ತೋಡಿಕೊಂಡು, ಅವ್ವನಿಗೆ ಏನೇನು ಹೇಳಬೇಕೆಂದು ಗಿರಾಕಿಗೆ ತಿಂಡಿಗಳ ಹೆಸರು ಒದರುವ ಹಾಗೆ ಒದರಿದೆ. ನಿದ್ದೆಗಣ್ಣಿನಲ್ಲೇ ತಲೆಯಾಡಿಸಿದ.

ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದೆ. ಕೂಡಿ ಉಣ್ಣುವುದು, ಕೂಡಿ ಸಮುದ್ರ ನೋಡುವುದು, ಎಲ್ಲವನ್ನೂ ಪಾಠ ಒಪ್ಪಿಸಿದ ಹಾಗೆ ಹೇಳಿದ. ನಾನು ಒಳಗೊಳಗೇ ಮಾವನ ಟಿಕೆಟ್ ಹರಿದು ಹಾಕುತ್ತಿದ್ದೆ. ಅಷ್ಟರಲ್ಲಿ ಅವ್ವ ಕೇಳಿದಳು, "ತಮ್ಮಾ, ನಮ್ಮ ಹುಡುಗ ರಾತ್ರಿ ನಿದ್ದಿ ಮಾಡ್ತಾನಿಲ್ಲೋ?"

ಇದಕ್ಕೆ ನಾನು ಉತ್ತರ ಕಲಿಸಿರಲಿಲ್ಲ. ಸುಳ್ಳಿನ ರೂಢಿಯಿಲ್ಲದ ಮನುಷ್ಯ ಗೊತ್ತಿದ್ದದ್ದನ್ನು ಹೇಳಿಬಿಟ್ಟ.

"ನಿದ್ದಿ ಗೊತ್ತಿಲ್ರೀ ಅವ್ವಾರ. ದಿನಾ ನಾ ಬರೂದ್ರಾಗ ದಿಂಬು ಹಸಿ ಇರತೈತಿ. ಬಿಸಲಿಗಿ ಹಾಕಿ ಮಲಕೋತೀನಿ."

ನಾನು ನಡುವೆ ಬಾಯಿ ಹಾಕಿ, ರಾತ್ರಿ ತಲೆಗೆ ನೀರು ಹಾಕಿಕೊಂಡು ಹಾಗೇ ಮಲಗುತ್ತೇನೆ, ಇಲ್ಲಿ ಎಲ್ಲರೂ ಹಾಗೇ ಎಂದೆ. ಇಷ್ಟು ಬಡಕಲು ಸುಳ್ಳನ್ನು ನನ್ನ ಜನ್ಮದಲ್ಲಿ ಹೇಳಿರಲಿಲ್ಲ.

"ಹೌದೇನು?" ಎಂದಳು ಅವ್ವ. ಆಮೇಲೆ ಮೆಲ್ಲಗೆ, "ದಿಂಬು ಒಣಗಸಾವ ಒಬ್ಬ ಅದಾನಲ್ಲ, ಇರಪಾ. ಮಾಮಾನ್ನ ಕಳಸೂದಿಲ್ಲ" ಎಂದು ಫೋನಿಟ್ಟಳು.

ಗೆದ್ದವನು ನಾನೇ. ಆದರೂ ಮಾವ ಈಗಲೇ ಬಂದು ಕಿವಿ ಹಿಡಿದು, ಬೇಕಾದರೆ ಓಣಿಯವರ ಎದುರಿಗೇ, ದರದರ ಎಳೆದುಕೊಂಡು ಹೋಗಬಾರದೇ ಅನ್ನಿಸಿತು. ಮೌಲಾಲಿ ಗೋಡೆಯ ಕಡೆ ಸರಿದು, ಅರ್ಧ ಹಾಸಿಗೆ ಬಿಟ್ಟು, "ಮಲಕೋ" ಎಂದ. ಪಕ್ಕದಲ್ಲಿ ಮಲಗಿದೆ. ಅರ್ಧ ದಿಂಬು ಅವನದಾದ್ದರಿಂದ ಆವತ್ತು ಅಳುವುದಕ್ಕೂ ಆಗಲಿಲ್ಲ.