ಅನಂತನ ಆಲಾಪ, ಯಲ್ಲಾಲಿಂಗನ ಮಗ್ಗ

ಎಲ್ಲಕ್ಕೂ ಕಾರಣ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿ. ಕಂಪ್ಯೂಟರಿನಿಂದ ಹೊರಡುವ ದನಿಯನ್ನು ತಿಳಿ ಮಾಡಿ ಆಂಪ್ಲಿಫೈಯರಿಗೆ ದಾಟಿಸುವುದು ಅದರ ಕೆಲಸ. ಅದರ ಜೊತೆಗೆ ಎದೆಯೆತ್ತರದ ಎರಡು ಸ್ಪೀಕರುಗಳನ್ನೂ ತರಿಸಿದ್ದ ಅನಂತ ಮುಧೋಳದಿಂದ ಬನಹಟ್ಟಿಗೆ ಈಚೆಗಷ್ಟೇ ವರ್ಗವಾಗಿ ಬಂದ ಬ್ಯಾಂಕ್ ಕ್ಯಾಶಿಯರ್. ಬನಹಟ್ಟಿ ಹೆಂಡತಿಯ ತವರೂರು. ಹಾಗಾಗಿ ಬೋನಸ್ಸೆಲ್ಲ ಇವುಗಳಿಗೇ ಹೋಯಿತೆಂಬುದನ್ನು ಅವಳಿಂದ ಮುಚ್ಚಿಡುವಂತಿರಲಿಲ್ಲ.

"ಸಂಜೀತನಕಾ ನೋಡ್ತೇನ್ರಿ," ಎಂದಳು ಸುಹಾಸಿನಿ, ಚಹಾ ಕೊಡುತ್ತ. "ಮೊಬೈಲಿಗೂ ಇದಕ್ಕೂ ಏನ್ ಫರಕ್ ಅದ ಅಂತ ನನಗ ತಿಳೀಬೇಕು. ತಿಳೀಲಿಲ್ಲಂದ್ರ ಹೊಳ್ಳಿ ಕಳಸೂದು. ವಾಪಸ್ ತಗೊಳ್ಳೂ ಮುದ್ದತ್ತು ಇವತ್ತಿಗೆ ಮುಗೀತದ."

ಒಂದು ಆಲಾಪವನ್ನು ತಂಬೂರಿಯ ಮೊದಲ ಮೀಟಿನಿಂದ ಕೊನೆಯವರೆಗೆ ಸ್ವಂತ ಮನೆಯಲ್ಲಿ ಕೂತು ಕೇಳಬೇಕೆಂಬುದು ಅನಂತನ ಬಹುಕಾಲದ ಆಸೆ. ಬ್ಯಾಂಕಿಗೆ ಅಂದು ಎರಡನೇ ಶನಿವಾರದ ರಜೆ. ಕಂಪ್ಯೂಟರಿನಲ್ಲಿ ಹಾಡನ್ನು ಆರಿಸಿ ಗುಂಡಿ ಒತ್ತಿ ಕಣ್ಣು ಮುಚ್ಚಿದ. ತಂಬೂರಿ ಮಿಡಿಯಿತು. ಅದರ ಹಿಂದೆಯೇ ಖಟ್ ಖಟ್ ಖಟ್ ಎಂಬ ಸಪ್ಪಳವೂ ಕೇಳಿತು.

"ಕಂಪ್ಯೂಟರಿಂದ ಏನೋ ಖಟ್ ಖಟ್ ಬರ್ತದಲ್ಲ," ಎಂದ.

"ಯಾವ ಖಟ್ ಖಟ್ ರೀ? ನನಗೇನೂ ಕೇಳಸವಲ್ತು."

ಇಂಥ ಸುದ್ದಿ ಓಣಿಯಲ್ಲಿ ಹಬ್ಬಲು ಹೊತ್ತು ಬೇಡ. ಮೋಟರು ರಿಪೇರಿ ಮಾಡುವ ಎದುರುಮನೆಯ ವೀರಣ್ಣ ಕರೆಯದೆಯೇ ಬಂದ. ಕಂಪ್ಯೂಟರಿನ ಬೆನ್ನು ಮುಟ್ಟಿ ನೋಡಿ, "ಅರ್ಥಿಂಗ್ ಸರಿ ಇಲ್ರಿ ಸಾಹೇಬ್ರ," ಎಂದವನೇ ಅಂಗಳದ ಅರ್ಥಿಂಗ್ ಕುಣಿಗೆ ಎರಡು ಕೊಡ ಉಪ್ಪುನೀರು ಸುರಿದ. ನೀರು ಉಕ್ಕಿ ಸುಹಾಸಿನಿಯ ರಂಗೋಲಿಯನ್ನು ಕೊಚ್ಚಿಕೊಂಡು ಹೋಯಿತು. ಖಟ್ ಖಟ್ ಹಾಗೆಯೇ ಇತ್ತು.

ಅಷ್ಟರಲ್ಲಿ ಮೂಲೆಮನೆಯ ಧರೆಪ್ಪ ಬಂದ. ಮಗನ ಮದುವೆಯಲ್ಲಿ ಸೌಂಡ್ ಸಿಸ್ಟಮ್ ತರಿಸಿದ್ದರಿಂದ ಅವನಿಗೂ ಈ ವಿಷಯದಲ್ಲಿ ಅಧಿಕಾರವಿತ್ತು. "ದನಿ ಗ್ವಾಡಿಗೆ ಬಡದು ಹೊಳ್ಳಿ ಬರಾಕತ್ತೇತ್ರಿ," ಎಂದು ಹೇಳಿ, ಮನೆಯ ಗಾದಿಗಳನ್ನೆಲ್ಲ ಎತ್ತಿ ಗೋಡೆಗೂ ಕಿಟಕಿಗೂ ಒರಗಿಸಿದ. ಗಾಳಿ ನಿಂತಿತು, ಎಲ್ಲರೂ ಬೆವೆತರು. ಖಟ್ ಖಟ್ ನಿಲ್ಲಲಿಲ್ಲ.

ಅನಂತನಿಗೆ ತಲೆ ಕೆಟ್ಟಿತು. ಎಲ್ಲ ವೈರು ಕಿತ್ತು ಹಾಕಿದ. ಕಂಪ್ಯೂಟರು ಸುಮ್ಮನಾಯಿತು, ಸ್ಪೀಕರು ಸುಮ್ಮನಾಯಿತು. ಸಪ್ಪಳ ಮಾತ್ರ ನಡೆದೇ ಇತ್ತು. ಒಂದು ಗಾದಿ ಸರಿಸಿ ಕಿಟಕಿ ತೆರೆದರೆ ಗೋಡೆಯಾಚೆ ಪಕ್ಕದ ಮನೆಯ ನೇಕಾರ ಯಲ್ಲಾಲಿಂಗನ ಪವರ್‌ಲೂಮು.

"ಈ ಸಪ್ಪಳ ನೋಡ್ರಿ, ಇದು," ಎಂದು ಬೆರಳು ತೋರಿಸಿದ.

ವೀರಣ್ಣ, ಧರೆಪ್ಪ ಇಬ್ಬರೂ ಕಿವಿಗೊಟ್ಟರು. ಸುಹಾಸಿನಿಯೂ ಕಿವಿಗೊಟ್ಟಳು. ಕೊನೆಗೆ ಧರೆಪ್ಪ ಸಮಾಧಾನದಿಂದ ಹೇಳಿದ, "ಅದು ಸಪ್ಪಳ ಅಲ್ರಿ. ಅದು ಮಗ್ಗ."

ಅನಂತ ಚಪ್ಪಲಿ ಮೆಟ್ಟಿ ಯಲ್ಲಾಲಿಂಗನ ಹತ್ತಿರ ಹೋಗಿ ಅರ್ಧ ತಾಸು ಮಗ್ಗ ನಿಲ್ಲಿಸುವಂತೆ ಕೇಳಿಕೊಂಡ.

"ಮಗ್ಗ ನಿಂತ್ರ ಹೊಟ್ಟಿ ನಡೀಬೇಕಲ್ರಿ ಸಾಹೇಬ್ರ," ಎಂದ ಯಲ್ಲಾಲಿಂಗ. ಆದರೆ ಒಳ್ಳೆಯವನು, ಒಂದು ದಾರಿಯನ್ನೂ ತೋರಿಸಿದ. "ಮಧ್ಯಾಹ್ನ ಲೈನ್ ಕೆಲಸ ಐತಿ, ಕರೆಂಟ್ ತಗೀತಾರ. ಊರಾಗಿನ ಮಗ್ಗ ಎಲ್ಲಾ ನಿಂದರ್ತಾವು. ನಿಮ್ಮ ಮನ್ಯಾಗ ಇನ್ವರ್ಟರ್ ಐತಲ್ಲ, ಆವಾಗ ಕೇಳ್ರಿ."

ಅನಂತನಿಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು.

ಊಟ ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಬನಹಟ್ಟಿಗೆ ಬನಹಟ್ಟಿಯೇ ಸುಮ್ಮನಾಯಿತು. ಅನಂತ ಕಿತ್ತ ವೈರುಗಳನ್ನೆಲ್ಲ ಮತ್ತೆ ಸಿಕ್ಕಿಸಿ, ಹೆಂಡತಿಯನ್ನು ಸ್ಪೀಕರಿನ ಎದುರು ಕೂರಿಸಿ ಗುಂಡಿ ಒತ್ತಿದ. ತಂಬೂರಿ ಮಿಡಿಯಿತು. ಮೊದಲ ಸ್ವರ ಬಂದು ಕೋಣೆಯ ನಡುವೆ ನಿಂತಿತು.

"ಅಯ್ಯ, ಹಾಡೋರು ಉಸಿರು ತಗೊಳ್ಳೂದೂ ಕೇಳಸ್ತದಲ್ರಿ," ಎಂದಳು ಸುಹಾಸಿನಿ ಮೆಲ್ಲಗೆ. ಅನಂತನ ಕಣ್ಣು ಒದ್ದೆಯಾಯಿತು. ಗೆದ್ದೆ ಎಂದುಕೊಂಡ.

ಆಗ ಬಾಗಿಲು ಬಡಿದ ಸದ್ದಾಯಿತು. ಯಲ್ಲಾಲಿಂಗನ ತಾಯಿ ಶಂಕ್ರೆವ್ವ ಕಿರಿಚುವ ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಹಿಂದೆ ಯಲ್ಲಾಲಿಂಗನೂ ಇದ್ದ.

"ಮಗ್ಗ ನಿಂತಾಗಿಂದ ಒಂದ ಸಮನ ಅಳಾಕತ್ತೇತ್ರಿ," ಎಂದಳು. "ಹುಟ್ಟಿದಾಗಿಂದ ಆ ಸಪ್ಪಳದಾಗ ಮಲಗಿದ ಕೂಸು. ಜೋಗುಳ ಹಾಡಿದ್ರ ಇನ್ನಷ್ಟು ಅಳತೈತಿ."

ಯಲ್ಲಾಲಿಂಗ ಸಂಕೋಚದಿಂದ ಮೊಬೈಲು ಮುಂದೆ ಹಿಡಿದ. ಮೆಕ್ಯಾನಿಕ್ಕಿಗೆ ಕಳಿಸಲೆಂದು ತೆಗೆದ ಮಗ್ಗದ ವಿಡಿಯೋ ಅದರಲ್ಲಿತ್ತು. "ಮೊಬೈಲಿಂದು ಕೂಸು ನಂಬವಲ್ದ್ರಿ. ನಿಮ್ಮ ಕಂಪ್ಯೂಟರ್‌ನ್ಯಾಗ ಹಾಕಿ ನೋಡೂನೇನ್ರಿ?"

ಅನಂತ ಹೆಂಡತಿಯ ಮುಖ ನೋಡಿದ. ಅವಳಾಗಲೇ ಕೂಸನ್ನು ಎತ್ತಿಕೊಂಡಿದ್ದಳು. ಆಲಾಪ ನಿಂತಿತು, ಮಗ್ಗ ಶುರುವಾಯಿತು. ಲಾಳಿ ಎಡ ಸ್ಪೀಕರಿನಿಂದ ಬಲ ಸ್ಪೀಕರಿಗೆ ಓಡಿದ್ದೂ ಮರಳಿ ಬಂದದ್ದೂ ಸ್ಪಷ್ಟವಾಗಿ ಕೇಳಿತು. ಕೂಸು ಎರಡು ಸಲ ಬಿಕ್ಕಿ ಕಣ್ಣು ಮುಚ್ಚಿತು. ಸಪ್ಪಳ ಕೇಳಿ ಬಂದ ವೀರಣ್ಣ, ಧರೆಪ್ಪ ಗಾದಿಗಳಿಗೆ ಒರಗಿ ಕೂತು ತಲೆದೂಗಿದರು.

"ಇದಕ್ಕರೀ ಫರಕ್ ಅನ್ನೂದು," ಎಂದಳು ಸುಹಾಸಿನಿ. "ಹೊಳ್ಳಿ ಕಳಸೂದು ಬ್ಯಾಡ."

ವಿಡಿಯೋ ಮತ್ತೆ ಮತ್ತೆ ಮೊದಲಿನಿಂದ ನಡೆಯುತ್ತಲೇ ಇರುವಾಗ ಸಂಜೆ ಕರೆಂಟು ಬಂತು. ಗೋಡೆಯಾಚೆ ನಿಜವಾದ ಮಗ್ಗ ಖಟ್ ಖಟ್ ಎಂದಿತು. ಇನ್ನು ಕೂಸಿಗೆ ತನ್ನ ಹಂಗಿಲ್ಲವೆಂದು ಅನಂತ ಎದ್ದು ಕಂಪ್ಯೂಟರಿನತ್ತ ಕೈ ಚಾಚಿದ.

ಶಂಕ್ರೆವ್ವ ಬಾಯಿಯ ಮೇಲೆ ಬೆರಳಿಟ್ಟಳು.

"ಬಂದ್ ಮಾಡಬ್ಯಾಡ್ರಿ ಯಪ್ಪಾ. ನಮ್ಮದಕ್ಕಿಂತ ನಿಮ್ಮದ ಛಲೋ ಕೇಳಸ್ತೈತಿ. ನಾಳಿಂದ ದಿನಾ ಇಲ್ಲೇ ತಂದು ಮಲಗಸ್ತೇನಿ."

"ಆಗಲ್ಯಾಕವ್ವಾ," ಎಂದಳು ಸುಹಾಸಿನಿ, ಮತ್ತು ಕೂಸಿಗೆಂದು ಸ್ವಲ್ಪ ವಾಲ್ಯೂಮು ಏರಿಸಿದಳು.