ಊದುಗೊಳವೆಗೆ ಹುಣಸೆಹಣ್ಣು

ರಸಾಯನಶಾಸ್ತ್ರ ಓದಿ ಬಂದೂಕು ರಿಪೇರಿ ಅಂಗಡಿ ಸೇರಿದವನ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಇಲ್ಲಿ ಅಮೆರಿಕದ ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನ ಲ್ಯಾಬಿನಲ್ಲಿ ಲೇಆಫ್ ಆದ ಮೇಲೆ ನನಗೆ ಸಿಕ್ಕಿದ್ದು ಲೋಹಕ್ಕೆ ಬಣ್ಣ ಹಿಡಿಸುವ ಆ ಕೆಲಸ. ಮೂರು ತಿಂಗಳು ಟ್ರಯಲ್.

೧. ಹಳೆಯದು ಮಾಡುವ ವಿದ್ಯೆ

ಕೊನೆಯ ವಾರ ಒಂದು ರಿವಾಲ್ವರ್ ಬಂತು. ಪುರಾತನ ಮಾದರಿಯ ನಕಲು, ಈಗಿನ ಗುಂಡು ಹಿಡಿಯುವಂತೆ ಮಾರ್ಪಡಿಸಿದ್ದು. ಅದು ನೂರೈವತ್ತು ವರ್ಷ ಹಳೆಯದಾಗಿ ಕಾಣಬೇಕು ಎಂದಿದ್ದ ಗಿರಾಕಿ.

ನಾನಿರುವುದು ಚಿಕ್ಕಮ್ಮನ ಮನೆಯಲ್ಲಿ. ಅವರಿಗೆ ಹೇಳಿದೆ.

“ಹೊಸದನ್ನ ಹಳೇದು ಮಾಡೋಕೆ ಡಿಗ್ರಿ ಬೇಕೇನೋ? ನಿಮ್ಮ ಚಿಕ್ಕಪ್ಪನ ಕೈಗೆ ಕೊಡು. ಒಂದೇ ವಾರ ಸಾಕು.”

೨. ಮದುವೆ ಶೂ

ಅಳತೆ, ಉಷ್ಣತೆ, ನಿಮಿಷ ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕಪ್ಪು ಬಣ್ಣ ಹಿಡಿಸಿದೆ. ಒಂದು ಕಲೆಯೂ ಇರಲಿಲ್ಲ. ಅದೇ ತಪ್ಪಾಯಿತು.

“ಮದುವೆ ಗಂಡಿನ ಶೂ ಥರ ಇದೆ,” ಅಂದರು ವಯಸ್ಸಾದ ಮಾಲೀಕರು. “ನಾಳೆ ಮಧ್ಯಾಹ್ನ ಗಿರಾಕಿ ಬರ್ತಾನೆ. ಒಪ್ಪಿದರೆ ನೀನು ಪರ್ಮನೆಂಟ್.”

“ಒಪ್ಪದಿದ್ದರೆ?”

“ಶೂ ಅಂಗಡಿಗೆ ಅಪ್ಲೈ ಮಾಡು.”

೩. ಮಸಿ

ಮನೆಯಲ್ಲಿ ಉಜ್ಜಿ ನೋಡೋಣವೆಂದು ರಿವಾಲ್ವರಿನ ನಳಿಕೆಯೊಂದನ್ನೇ ಬಿಚ್ಚಿ, ಊಟದ ಡಬ್ಬಿಯಲ್ಲಿಟ್ಟು ತಂದೆ. ಅಭ್ಯಾಸಬಲದಿಂದ ಡಬ್ಬಿಯನ್ನು ಸಿಂಕಿನ ಪಕ್ಕ ಇಟ್ಟೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಚಿಕ್ಕಮ್ಮ ಶುಕ್ರವಾರದ ದೀಪಗಳ ಜೊತೆ ನಳಿಕೆಗೂ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು.

“ಇಷ್ಟು ಪುಟ್ಟ ಊದುಗೊಳವೆ ಎಲ್ಲಿ ಸಿಕ್ತೋ? ಪಾಪ, ಎಷ್ಟು ಮಸಿ ಹಿಡಿದಿತ್ತು!”

“ಚಿಕ್ಕಮ್ಮಾ, ಅದು ರಿವಾಲ್ವರಿಂದು!”

ಅವರ ಕೈ ನಿಂತಿತು. “ಅಯ್ಯೋ, ಮೊದಲೇ ಹೇಳಬಾರದಾ? ಈಗ ದೀಪನೆಲ್ಲ ಇನ್ನೊಂದ್ಸಲ ತೊಳೀಬೇಕು.”

೪. ಸ್ಟಾಕ್ ಇಲ್ಲ

ನಳಿಕೆ ಒರೆಸಿ ನೋಡಿದೆ. ಅಂಚುಗಳಲ್ಲಿ ಬೂದು, ಸಂದಿಗಳಲ್ಲಿ ಕಪ್ಪು. ಮೂರು ತಲೆಮಾರಿನ ಕೈ ಸವೆಸಿದಂತಿತ್ತು! ಬೆಳಿಗ್ಗೆ ಮಿಕ್ಕ ಹುಣಸೆಹಣ್ಣನ್ನು ಅಂಗಡಿಗೆ ಒಯ್ದು ಉಳಿದ ಭಾಗಗಳಿಗೂ ಹಚ್ಚಿ, ತೊಳೆದು, ಎಣ್ಣೆ ಸವರಿದೆ. ಈ ಹಂತಗಳನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. “ನಮ್ಮ ಮುತ್ತಜ್ಜನದು ಹೀಗೇ ಇತ್ತು,” ಎಂದ ಗಿರಾಕಿ ಅದನ್ನು ಕೈಯಿಂದ ಕೆಳಗಿಡಲೇ ಇಲ್ಲ. ನಾನು ಪರ್ಮನೆಂಟ್ ಆದೆ.

ಮುಂದಿನ ವಾರ ಮಾಲೀಕರು ತಾವೇ ಇಂಡಿಯನ್ ಸ್ಟೋರಿಗೆ ಹೋಗಿ, ಹುಣಸೆಹಣ್ಣೆಂದು ಒಂದು ಬಾಟಲಿ ತಂದು, ಇನ್ನೊಂದು ನಳಿಕೆಗೆ ಬಳಿದರು. ಅದು ಖರ್ಜೂರ ಹಾಕಿದ ಹುಣಸೆ ಚಟ್ನಿ. ಬಣ್ಣ ಹೋಗಲಿಲ್ಲ, ಇರುವೆ ಬಂದವು.

“ನಿನ್ನ ನೋಟ್‌ಬುಕ್ಕಿನಲ್ಲಿ ಇರೋ ಹಾಗೇ ಮಾಡಿದೆ,” ಅಂದರು ಬೇಜಾರಿನಿಂದ. “ಹಂತ ನಾಲ್ಕು ಒಂದೇ ಬಿಟ್ಟಿದ್ದು. ‘ಚಿಕ್ಕಮ್ಮ’ ಅನ್ನೋದು ಆ ಸ್ಟೋರಿನಲ್ಲಿ ಸ್ಟಾಕ್ ಇರಲಿಲ್ಲ.”