ಹೊಳೆಯ ಫೋಟೋದಲ್ಲಿ ಯಾರೂ ಇಲ್ಲ

ವೈದ್ಯರ ಔಷಧಿ ಎಷ್ಟು ಕಹಿಯಾದರೂ ಬಾಯಿ ಮುಚ್ಚಿಕೊಂಡು ನುಂಗುವ ಜನ, ಗೋಡೆಯ ಮೇಲೊಂದು ಫೋಟೋ ಕಂಡರೆ ಸಾಕು, ತಪ್ಪು ಹುಡುಕಲು ನಿಂತುಬಿಡುತ್ತಾರೆ. ನನ್ನ ಸ್ಟುಡಿಯೋದಲ್ಲಿ ಇದು ದಿನ ಬೆಳಗಾದರೆ ನಡೆಯುತ್ತಿತ್ತು. ಆಗ ಹೊಟ್ಟೆ ಉರಿಯುತ್ತಿತ್ತು, ಈಗ ನೆನೆದರೆ ಹೊಟ್ಟೆ ಹಿಡಿದುಕೊಂಡು ನಗುತ್ತೇನೆ.

ಯುದ್ಧದ ಕಾಲ. ದೊಡ್ಡಬಳ್ಳಾಪುರದಲ್ಲಿ ಮಾವನವರ ಮಗ್ಗದ ಮನೆಯ ಮುಂದಿನ ಕೋಣೆಯಲ್ಲಿ ಸ್ಟುಡಿಯೋ ತೆರೆದಿದ್ದೆ. ಮಾವ ಹೇಳಿದ್ದು ಒಂದೇ ಮಾತು: "ಅಳಿಯಂದ್ರೆ, ಯುಗಾದಿವರೆಗೂ ನೋಡಿ. ಗಿರಾಕಿ ಬಂದ್ರೆ ಸಂತೋಷ. ಬರ್ಲಿಲ್ಲ ಅಂದ್ರೆ ಆ ಡಬ್ಬಾನ ಅಟ್ಟಕ್ಕೆ ಹಾಕಿ ಮಗ್ಗಕ್ಕೆ ಕೂತ್ಕೊಳ್ಳಿ."

ನನಗೆ ಮಗ್ಗವೆಂದರೆ ಭಯ, ಮಾವನೆಂದರೆ ಇನ್ನೂ ಭಯ. ಜನರನ್ನು ಸೆಳೆಯೋಣವೆಂದು ನಾನು ತೆಗೆದದ್ದರಲ್ಲೇ ನನಗೆ ಬಲು ಇಷ್ಟವಾದ ಫೋಟೋ ಒಂದನ್ನು ದೊಡ್ಡದು ಮಾಡಿ ಬಾಗಿಲ ಎದುರಿಗೇ ನೇತುಹಾಕಿದೆ. ಅರ್ಕಾವತಿ ಹೊಳೆ, ಎರಡೂ ದಡದಲ್ಲಿ ಒತ್ತಾಗಿ ಬೆಳೆದ ಹೊಂಗೆ, ನೇರಳೆ, ಅತ್ತಿ, ನೀರಿನ ಮೇಲೆ ಬೆಳಗಿನ ತೆಳು ಮಂಜು. ಜನ ಬಂದರು. ಆದರೆ ಕುರ್ಚಿಯ ಮೇಲೆ ಯಾರೂ ಕೂರಲಿಲ್ಲ.

ಮೊದಲ ಗಿರಾಕಿ

ಕುಂದಾಣದ ಕಡೆಯ ರೈತರೊಬ್ಬರು ಸಂತೆಗೆ ಬಂದವರು ಒಳಗೆ ಇಣುಕಿದರು. ಚಪ್ಪಲಿ ಹೊರಗೆ ಬಿಟ್ಟು, ದೇವರ ಪಟದ ಮುಂದೆ ನಿಂತ ಹಾಗೆ ಕೈಕಟ್ಟಿ ನಿಂತರು. ನನ್ನ ಎದೆ ಉಬ್ಬಿತು. ಬಹಳ ಹೊತ್ತು ನೋಡಿದರು. ಹತ್ತಿರ ಹೋಗಿ ನೋಡಿದರು, ಹಿಂದೆ ಸರಿದು ನೋಡಿದರು, ಕೊನೆಗೆ ಪಟದ ಅಂಚು ಎತ್ತಿ ಹಿಂಭಾಗವನ್ನೂ ನೋಡಿದರು.

"ಏನು ಹುಡುಕ್ತಿದೀರಿ ಯಜಮಾನ್ರೆ?" ಎಂದೆ.

ಅವರು ನನ್ನನ್ನು ಮರುಕದಿಂದ ನೋಡಿ ಹೇಳಿದರು: "ಪಾಪ, ನೀವು ಮಿಷಿನ್ ಸರಿ ಮಾಡ್ಕೊಳ್ಳೋದ್ರೊಳ್ಗೆ ಕೂತಿದ್ದೋರೆಲ್ಲ ಎದ್ದೋಗ್ಬಿಟ್ರಾ ಸ್ವಾಮಿ?"

ಮಿಕ್ಕಿದ್ದು

ಪಕ್ಕದ ಅಂಗಡಿಯ ದರ್ಜಿ ಸಾಹೇಬರು ಒಳ್ಳೆಯ ಮನುಷ್ಯರು. ನನ್ನ ಅಂಗಡಿಯಲ್ಲಿ ನೊಣ ಓಡಾಡುವುದನ್ನು ನೋಡಲಾರದೆ, "ಭಾಯ್, ನಿಮ್ದು ನದಿ ಇನ್ನೊಂದು ಕಾಪಿ ಕೊಡಿ. ನಮ್ ಅಂಗಡೀಲಿ ಹಾಕ್ತೀನಿ. ಕೋಟು ಹೊಲಿಸೋಕೆ ಬಂದೋರು ಫೋಟೋನೂ ತೆಗೆಸ್ತಾರೆ" ಎಂದರು. ಯುದ್ಧದಿಂದಾಗಿ ಕಾಗದಕ್ಕೆ ಬರ. ಆದರೂ ಆಸೆಯಿಂದ ಇನ್ನೊಂದು ಪ್ರತಿ ಮಾಡಿಕೊಟ್ಟೆ.

ಮಾರನೆಯ ದಿನ ಹೋಗಿ ನೋಡುತ್ತೇನೆ, ಮರಗಳ ತಲೆಯೇ ಇಲ್ಲ! ಅವರ ಹತ್ತಿರವಿದ್ದ ಚೌಕಟ್ಟು ಚಿಕ್ಕದಂತೆ. ಸಾಹೇಬರು ಟೇಪು ಹಿಡಿದು ಅಳತೆ ನೋಡಿ, ಸೀಮೆಸುಣ್ಣದ ಗೆರೆ ಎಳೆದು, ಕತ್ತರಿ ಆಡಿಸಿದ್ದರು.

"ಸಾಹೇಬ್ರೆ, ಏನ್ ಮಾಡ್ಬಿಟ್ರಿ!" ಎಂದು ಕೂಗಿಕೊಂಡೆ.

"ಮೇಲ್ಗಡೆ ಬಹಳ ಲೂಸಾಗಿತ್ತು ಭಾಯ್. ಈಗ ನೋಡಿ, ಫಿಟ್ಟಿಂಗ್ ಹೆಂಗೆ ಕೂತದೆ!" ಎಂದ ಅವರು ಹಲಗೆಯ ಕೆಳಗಿನಿಂದ ಮಡಿಸಿಟ್ಟಿದ್ದ ಒಂದು ಪೊಟ್ಟಣ ತೆಗೆದು ನನ್ನ ಕೈಗಿತ್ತರು. "ತಗೊಳ್ಳಿ, ಮಿಕ್ಕಿದ್ದು ನಿಮ್ದು ಆಕಾಶ. ಗಿರಾಕಿ ಮಾಲು ನಾವು ಇಟ್ಕೊಳ್ಳಲ್ಲ."

ಸರ್ಕಾರದ ಕಣ್ಣು

ಹೊಳೆ ಸೇತುವೆಗಳ ಚಿತ್ರ ತೆಗೆದರೆ ಶತ್ರುಗಳ ಕೈಗೆ ಸಿಗುತ್ತದೆಂದು ಯಾರೋ ಹಬ್ಬಿಸಿದ್ದರು. ಒಂದು ಮಧ್ಯಾಹ್ನ ಪೊಲೀಸ್ ದಫೇದಾರರು ಬಂದೇಬಿಟ್ಟರು. ಮಗ್ಗದ ಸದ್ದು ಗಪ್ಪೆಂದು ನಿಂತಿತು. ಗೋಡೆಯಾಚೆ ಮಾವ ಕಿವಿಗೊಟ್ಟಿದ್ದಾರೆಂದು ನನಗೆ ಗೊತ್ತಾಯಿತು.

"ಏನಯ್ಯಾ ಇದು?"

"ಹೊಳೆ, ಸ್ವಾಮಿ. ನಮ್ಮ ಅರ್ಕಾವತಿ."

"ಅದು ಕಾಣುತ್ತೆ. ಈ ಮರದ ಸಂದೀಲಿ ಎಷ್ಟು ಜನ ಸಿಪಾಯಿಗಳು ಅಡಗಿಕೊಳ್ಬೋದು ಗೊತ್ತಾ ನಿಂಗೆ? ಜಪಾನಿನೋನು ಈ ಪಟ ನೋಡ್ಕೊಂಡು ಹೊಳೆ ಮೇಲೆ ಬಂದ್ಬಿಟ್ರೆ ಯಾರು ಜವಾಬು?"

"ಸ್ವಾಮಿ, ಯುಗಾದಿ ಹೊತ್ತಿಗೆ ಇದರಲ್ಲಿ ಎಮ್ಮೆ ತೊಳೆಯೋಕೂ ನೀರಿರಲ್ಲ" ಎಂದೆ.

ದಫೇದಾರರು ಮೀಸೆ ತಿರುವುತ್ತ ಯೋಚಿಸಿದರು. ನಿಧಾನವಾಗಿ ಅವರ ಮುಖ ಅರಳಿತು. "ಹಂಗಿದ್ರೆ ಪಟ ಇಳಿಸ್ಬೇಡ, ಇರ್ಲಿ ಬಿಡು. ನಂಬ್ಕೊಂಡು ಹಡಗು ತಂದು ಸಿಗ್ಹಾಕ್ಕೊಳ್ಳಲಿ ನನ್ಮಗ!"

ಒಂದೇ ಒಂದು ಮರ

ಬೆಂಗಳೂರಿನ ಕಲಾರಸಿಕರೊಬ್ಬರು ನಂದಿ ಬೆಟ್ಟಕ್ಕೆ ಹೊರಟವರು, ಕಾರು ಕೆಟ್ಟು ನಮ್ಮ ಬೀದಿಯಲ್ಲಿ ಉಳಿದರು. ಇಂಥವರ ಬಾಯಿಂದ ಒಂದು ಒಳ್ಳೆಯ ಮಾತು ಬಂದರೆ ಮಾವನ ಮನಸ್ಸು ಕರಗೀತೆಂದು ಅವರನ್ನು ಕರೆತಂದು ಕಾಫಿ ಕೊಟ್ಟೆ. ಮಾವನೂ ಬಂದು ಬಾಗಿಲಿಗೆ ಒರಗಿ ನಿಂತರು.

ರಸಿಕರು ಕಣ್ಣು ಕಿರಿದು ಮಾಡಿ ನೋಡಿದರು. ಬೆಳಕು ಚೆನ್ನಾಗಿದೆಯಂತೆ, ಮಂಜು ಚೆನ್ನಾಗಿದೆಯಂತೆ. "ಆದರೆ ಎಡಗಡೆಯ ಈ ನೇರಳೆ ಮರ ಇದೆಯಲ್ಲ, ಇದು ಇರಬಾರದಿತ್ತು. ಇದೊಂದು ಇಲ್ಲದಿದ್ದರೆ ಬಹುಮಾನದ ಚಿತ್ರ!" ಎಂದು ತಲೆಯಾಡಿಸಿದರು.

ನಾನು ಕುಗ್ಗಿಹೋದೆ. ಆದರೆ ಅಲ್ಲಿಯವರೆಗೂ ನನ್ನ ಪರವಾಗಿ ಒಂದು ಮಾತೂ ಆಡದಿದ್ದ ಮಾವ ಮುಂದೆ ಬಂದರು. "ಅಷ್ಟೇನಾ ಸ್ವಾಮಿ? ಅದು ನಮ್ಮ ಷಡ್ಡಕನ ಹೊಲದ ಮರ. ಊಟ ಮಾಡ್ಕೊಂಡು ಇಲ್ಲೇ ಮಲಗಿರಿ. ಸಾಯಂಕಾಲದೊಳಗೆ ಕಡಿಸ್ಬಿಡ್ತೀನಿ. ಅಳಿಯಂದ್ರು ಇನ್ನೊಂದ್ಸಲ ತೆಗೀತಾರೆ, ಬಹುಮಾನ ಕೊಟ್ಬಿಟ್ಟೇ ಹೋಗಿ!"

ರಸಿಕರು ಕಾರು ಸರಿಹೋಗುವುದನ್ನೂ ಕಾಯದೆ ಜಟಕಾ ಹತ್ತಿದರು. ಆ ದಿನ ಮಾವ ನನಗೆ ಮೊದಲ ಬಾರಿಗೆ ಬಹಳ ಹತ್ತಿರದವರೆನಿಸಿದರು.

ಹೊಂಗೆ ಮರದ ಬುಡ

ಯುಗಾದಿ ಹತ್ತಿರ ಬಂತು. ಮಾವ ಒಂದು ಮಗ್ಗ ಖಾಲಿ ಮಾಡಿಸಿದ್ದು ನನ್ನ ಕಣ್ಣಿಗೆ ಬಿತ್ತು. ಆಗ ಒಬ್ಬ ಅಜ್ಜಿ, ಹೊಳೆಯಾಚೆಯ ಊರಿನವರು, ಮಾವನ ಹತ್ತಿರ ಸೀರೆ ಕೊಳ್ಳಲು ಬಂದರು. ಹೋಗುತ್ತಾ ಪಟ ನೋಡಿದವರು ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

"ಇದು ನಮ್ಮೆಜಮಾನ್ರಲ್ವೇನಪ್ಪಾ!" ಎಂದು ಹೊಂಗೆ ಮರದ ಬುಡದ ಪೊದೆಗೆ ಬೆರಳಿಟ್ಟರು.

"ಅದು ಬೆಳ್ಳಕ್ಕಿ ಅಜ್ಜಿ" ಎಂದೆ.

"ಬೆಳ್ಳಕ್ಕಿ ಪೇಟ ಕಟ್ಟುತ್ತಾ? ನಮ್ಮೂರಲ್ಲಿ ಪೇಟದ ತುದಿ ಎಡಕ್ಕೆ ಬಿಡೋರು ಅವ್ರೊಬ್ರೇ. ಪಕ್ಕದಲ್ಲಿ ಚೆಂಬು ನೋಡು!"

ಭೂತಗನ್ನಡಿ ಹಿಡಿದೆ. ಪೇಟವೂ ಇತ್ತು, ಬಾಗಿದ ಬೆನ್ನೂ ಇತ್ತು, ಚೆಂಬೂ ಇತ್ತು. ನನ್ನ ಹೆಮ್ಮೆಯ ಮುಂಜಾನೆಯಲ್ಲಿ ಹಿರಿಯರೊಬ್ಬರು ನಮಗೆ ಬೆನ್ನು ಹಾಕಿ ನೆಮ್ಮದಿಯಾಗಿ ಕುಳಿತಿದ್ದರು.

ಅಜ್ಜಿಯ ಯಜಮಾನರು ಊರ ಗೌಡರು. ಫೋಟೋ ತೆಗೆಸಿದರೆ ಆಯಸ್ಸು ಕಡಿಮೆಯಾಗುತ್ತದೆಂದು ನಂಬಿ, ಸುತ್ತಲಿನ ಹಳ್ಳಿಗಳಲ್ಲೆಲ್ಲ ಯಾರೂ ಸ್ಟುಡಿಯೋ ಮೆಟ್ಟಿಲು ಹತ್ತದಂತೆ ಹೇಳಿಟ್ಟಿದ್ದವರು. ನನ್ನ ಕುರ್ಚಿ ಯಾಕೆ ಖಾಲಿಯಿತ್ತೆಂದು ಆಗ ತಿಳಿಯಿತು.

"ಯಾವಾಗ ತೆಗೆದಿದ್ದು?" ಎಂದರು ಅಜ್ಜಿ.

"ಹೋದ ವರ್ಷ, ಮಳೆ ನಿಂತ ಮೇಲೆ."

"ಅಂದ್ರೆ ವರ್ಷ ಕಳೀತು. ಒಂದು ನೆಗಡಿನೂ ಬಂದಿಲ್ಲ! ಈಗ್ಲೂ ಎರಡು ಮುದ್ದೆ ಮುರಿದು ಮೂರನೇದು ಕೇಳ್ತಾರೆ. ಕೊಡು ಇತ್ಲಾಗೆ, ತೋರಿಸ್ತೀನಿ" ಎಂದು ಪಟವನ್ನು ಗೋಡೆಯಿಂದ ಬಿಚ್ಚಿಸಿಕೊಂಡು ಹೋದರು.

ಎರಡು ದಿನ ನನಗೆ ನಿದ್ದೆಯಿಲ್ಲ. ಮೂರನೆಯ ದಿನ ಬೆಳಿಗ್ಗೆ ಬಾಗಿಲ ಮುಂದೆ ಕಮಾನುಗಾಡಿಗಳು ಬಂದು ನಿಂತವು. ಮೊದಲು ಇಳಿದದ್ದು ದೊಣ್ಣೆ, ಅದರ ಹಿಂದೆ ಗೌಡರು. ನಾನು ಕ್ಯಾಮೆರಾದ ಕಪ್ಪು ಬಟ್ಟೆಯ ಹಿಂದೆ ಸರಿದೆ. ಗೌಡರ ಬೆನ್ನಿಗೆ ಅಜ್ಜಿ, ಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಎಲ್ಲರೂ ಹಬ್ಬದ ಬಟ್ಟೆಯಲ್ಲಿ ಇಳಿದರು. ದಾರಿಯುದ್ದಕ್ಕೂ ಹಿಂಬಾಲಿಸಿ ಬಂದ ಊರವರು ಬೀದಿ ತುಂಬ ನಿಂತಿದ್ದರು. ಮಾವ ಓಡಿಬಂದು, ನನಗೆಂದು ಖಾಲಿ ಮಾಡಿಸಿದ್ದ ಮಗ್ಗದ ಹಲಗೆಯನ್ನೇ ತಂದು ಹೆಂಗಸರಿಗೆ ಕೂರಲು ಹಾಕಿದರು. ನಾನು ಓಡಾಡಿ ಎಲ್ಲರನ್ನೂ ಸಾಲಾಗಿ ಕೂರಿಸಿದೆ.

ಗೌಡರು ನಡುವಿನ ಕುರ್ಚಿಯಲ್ಲಿ ಕುಳಿತು ಮೀಸೆ ತೀಡಿಕೊಂಡರು. ನಾನು ಬಟ್ಟೆಯೊಳಗೆ ತಲೆ ಹಾಕಬೇಕು, ಅಷ್ಟರಲ್ಲಿ ದೊಣ್ಣೆ ಎತ್ತಿದರು.

"ಏನಪ್ಪಾ, ಹೋದ್ಸಲದ ಹಂಗೆ ಹೇಳ್ದೆ ಕೇಳ್ದೆ ತೆಗೀಬೇಡ. ಈ ಸಲ ಮುಖನೂ ಬರ್ಲಿ!"